ದೀಪ ಆರಿದ ಮೇಲಿನ ದರ್ಬಾರಿ

ಸೋದರಮಾವನ ಮನೆಯ ಮಾಳಿಗೆಯಲ್ಲಿ ಹಳೆಯ ಮರ್ಫಿ ರೇಡಿಯೋ ಒಂದಿದೆ. ಅದು ಮಾತು ನಿಲ್ಲಿಸಿ ಮೂವತ್ತು ವರ್ಷವಾದರೂ ಆಗಿರಬೇಕು. ಆದರೂ ಕೊಯ್ಲಿಗೆ ಮುಂಚೆ ಮಾಳಿಗೆ ಗುಡಿಸುವಾಗ ಮಾವ ಅದನ್ನು ತಾನೇ ಎತ್ತಿ, ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಮತ್ತೆ ಅದೇ ಜಾಗದಲ್ಲಿ ಇಡುತ್ತಾನೆ. 1950ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರ ಶುರುವಾದಾಗ ಅವನು ತೊಟ್ಟಿಲಿನಲ್ಲಿದ್ದ. ಅವನಿಗೆ ಬುದ್ಧಿ ಬರುವ ಹೊತ್ತಿಗೆ ಊರಿಗೆ ಇದೊಂದು ರೇಡಿಯೋ ಬಂದಿತ್ತು. ರಾತ್ರಿ ಊಟವಾದ ಮೇಲೆ ಅಜ್ಜ ಅದರ ಕಿವಿ ಹಿಂಡುತ್ತಿದ್ದ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇವರೆಲ್ಲ ಮಾವನಿಗೆ ಮುಖಕ್ಕಿಂತ ಮೊದಲು ದನಿಯಾಗಿ ಪರಿಚಯವಾದವರು. ನವರಾತ್ರಿಯಲ್ಲಿ ಮಾತ್ರ ಅಜ್ಜ ಮುಳ್ಳನ್ನು ಬೇರೆ ಕಡೆಗೆ ಸರಿಸುತ್ತಿದ್ದ. ಗೊರಗೊರ ಸದ್ದಿನ ಹಿಂದೆ, ಎಲ್ಲೋ ದೂರದಲ್ಲಿ, ಮೈಸೂರು ಅರಮನೆಯ ದಸರಾ ಕಚೇರಿ ಕೇಳಿಬರುತ್ತಿತ್ತು.

ಆ ಗೊರಗೊರ ಮಾವನ ಕಿವಿಯಲ್ಲಿ ಅರವತ್ತು ವರ್ಷ ಉಳಿಯಿತು. ತೋಟ, ಕೊಟ್ಟಿಗೆ, ಮಕ್ಕಳ ಓದು, ಮದುವೆಗಳ ನಡುವೆ ಮೈಸೂರು ದೂರವೇ ಉಳಿಯಿತು. ಅತ್ತೆ ತೀರಿಕೊಂಡ ವರ್ಷದ ಮಳೆಗಾಲದಲ್ಲಿ ಒಂದು ದಿನ ಫೋನು ಮಾಡಿ, "ಕೂಸೇ, ಒಮ್ಮೆ ಅರಮನೆಯ ಮುಂದೆ ಕೂತು ಕೇಳಬೇಕು. ಕರೆದುಕೊಂಡು ಹೋಗುತ್ತೀಯಾ?" ಎಂದ. ಅವನು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ನಾನು ಕಾರವಾರದಲ್ಲಿ ಹೈಸ್ಕೂಲು ಶಿಕ್ಷಕಿ. ದಸರಾ ರಜೆ ಶುರುವಾದ ಮಧ್ಯಾಹ್ನ ಕುಮಟಾ ದಾಟಿ, ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದೆ. ಶಿರಸಿಗೆ ರೈಲಿಲ್ಲ. ಘಟ್ಟದ ಮೇಲಿನವರಿಗೆ ಒಂದು ದಿಕ್ಕಿನಲ್ಲಿ ಹುಬ್ಬಳ್ಳಿ, ಇನ್ನೊಂದು ದಿಕ್ಕಿನಲ್ಲಿ ತಾಳಗುಪ್ಪ. ಸಿದ್ದಾಪುರದ ಮೇಲೆ ತಾಳಗುಪ್ಪಕ್ಕೆ ಹೋಗಿ ಮೈಸೂರಿನ ರಾತ್ರಿ ರೈಲು ಹಿಡಿದೆವು. ಹಳಿ ಅಲ್ಲಿಗೇ ಮುಗಿಯುತ್ತದೆ, ಅಲ್ಲಿಂದಲೇ ಶುರುವಾಗುತ್ತದೆ. ಮಾವನ ಚೀಲದಲ್ಲಿ ಅವಲಕ್ಕಿ, ಮನೆಯ ಬಾಳೆಹಣ್ಣು, ಕಷಾಯದ ಪುಡಿ, ಇಸ್ತ್ರಿ ಮಾಡಿ ಮಡಿಸಿದ ಒಂದು ಶಾಲು. ಆ ಶಾಲು ಅರಮನೆಗೆ ಎಂದು ತೆಗೆದಿಟ್ಟದ್ದು. ರೈಲಿನಲ್ಲಿ ಎಷ್ಟೇ ಚಳಿಯಾದರೂ ಹೊದೆಯಲಿಲ್ಲ.

ರೈಲು ಸಾಗರ ದಾಟಿದ ಮೇಲೆ ಮಾವ ಮಾತಿಗೆ ಇಳಿದ. ಅವನು ಹೇಳಿದ ಸಂಗತಿಗಳನ್ನು ನಾನು ಬಿಡಿಬಿಡಿಯಾಗಿ ಓದಿದ್ದೆ. ಒಂದೇ ದಾರದಲ್ಲಿ ಪೋಣಿಸಿ ಕೇಳಿದ್ದು ಆ ರಾತ್ರಿಯೇ. ಮೈಸೂರು ಅರಮನೆ ಎಂದರೆ ವೀಣೆಯ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯ ಎಂದು ನಮಗೆ ಗೊತ್ತು. ಆದರೆ ಆ ದೊರೆಗಳ ಕಿವಿ ಉತ್ತರಕ್ಕೂ ತೆರೆದಿತ್ತು. ಆಗ್ರಾ ಘರಾಣೆಯ, ಅಂದರೆ ಆ ಹೆಸರಿನ ಹಿಂದೂಸ್ತಾನಿ ಗಾಯನ ಪರಂಪರೆಯ, ನತ್ಥನ್ ಖಾನರು ಮೈಸೂರು ಆಸ್ಥಾನದಲ್ಲಿದ್ದು ಮೈಸೂರಿನಲ್ಲಿಯೇ ತೀರಿಕೊಂಡರು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್ ಕೊನೆಗಾಲದಲ್ಲಿ ಆಶ್ರಯ ಪಡೆದದ್ದು ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿ. 1930ರ ಜನವರಿಯಲ್ಲಿ ಆಕೆ ಕಣ್ಣು ಮುಚ್ಚಿದ್ದೂ ಮೈಸೂರಿನಲ್ಲಿ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮಿರಜದಿಂದ ಮೈಸೂರಿಗೆ ರೈಲಿನಲ್ಲಿ ಹೋಗಿ ಬರುತ್ತಿದ್ದರು.

"ಆ ರೈಲು ಎಲ್ಲಿ ನಿಲ್ಲುತ್ತಿತ್ತು, ಹೇಳು?" ಎಂದು ಮಾವ ಮಕ್ಕಳನ್ನು ಕೇಳುವಂತೆ ಕೇಳಿದ. ಧಾರವಾಡ, ಹುಬ್ಬಳ್ಳಿ. ಖಾನರು ದಾರಿಯಲ್ಲಿ ಇಳಿಯುತ್ತಿದ್ದರು, ಹಾಡುತ್ತಿದ್ದರು, ಕಲಿಸುತ್ತಿದ್ದರು. ಹುಬ್ಬಳ್ಳಿಗೆ ಸಮೀಪದ ಕುಂದಗೋಳದ ಹುಡುಗನೊಬ್ಬ ಅವರ ಶಿಷ್ಯನಾಗಿ ಸವಾಯಿ ಗಂಧರ್ವ ಎನಿಸಿಕೊಂಡ. ಸವಾಯಿ ಗಂಧರ್ವರಿಂದ ಗಂಗೂಬಾಯಿ, ಭೀಮಸೇನ ಜೋಶಿ. ಇತ್ತ ಗದುಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರು ಧಾರವಾಡದಲ್ಲಿ ನೆಲೆಸಿದರು. ಅವರಲ್ಲಿಗೆ ನಮ್ಮ ಜಿಲ್ಲೆಯಿಂದ ಹುಡುಗರು ಹೊರಟರು. ಗಣಪತಿ ಭಟ್ಟ ಹಾಸಣಗಿ, ಪರಮೇಶ್ವರ ಹೆಗಡೆ ಹಾಗೆ ಘಟ್ಟದಿಂದ ಧಾರವಾಡಕ್ಕೆ ಹೋಗಿ ಕಲಿತು ಬಂದವರು. ಇವತ್ತು ಶಿರಸಿ, ಯಲ್ಲಾಪುರ, ಸಿದ್ದಾಪುರದ ಯಾವ ಕೇರಿಯಲ್ಲಿ ನಡೆದು ಹೋದರೂ ಸಂಜೆ ಒಂದು ಮನೆಯಿಂದಾದರೂ ತಬಲೆಯ ಠೇಕಾ ಕೇಳುತ್ತದೆ.

ಇದನ್ನು ಯೋಚಿಸಿದಾಗಲೆಲ್ಲ ನನಗೆ ಬೆರಗು. ಕರ್ನಾಟಕ ಸಂಗೀತಕ್ಕೆ ಹೆಸರಾದ ಅರಮನೆಯೊಂದು, ತನಗೆ ಅರಿವಿಲ್ಲದೆ, ದಾರಿಯ ನಡುವಿನ ಊರುಗಳಲ್ಲಿ ಹಿಂದೂಸ್ತಾನಿಯ ಬೀಜ ಬಿತ್ತಿಸಿತು. ದೊರೆ ಕರೆದದ್ದು ತನ್ನ ದರ್ಬಾರಿಗೆ. ಫಲ ಸಿಕ್ಕಿದ್ದು ದರ್ಬಾರಿನ ಹೆಸರನ್ನಷ್ಟೇ ಕೇಳಿದ್ದ ನಮಗೆ.

ಅರಮನೆಯ ಒಳಗನ್ನು ಹಗಲೇ ನೋಡಿದೆವು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಅದೇ ನೆಲದಲ್ಲಿ ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಕಟ್ಟಡ 1912ರಲ್ಲಿ ಮುಗಿಯಿತು. ಕಲ್ಯಾಣ ಮಂಟಪದಲ್ಲಿ ಎಲ್ಲರೂ ತಲೆಯೆತ್ತಿ ಬಣ್ಣದ ಗಾಜಿನ ನವಿಲುಗಳನ್ನು ನೋಡುತ್ತಿದ್ದರು. ಮಾವ ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ದರ್ಬಾರು ಹಾಲಿಗೆ ಬಂದಾಗ ಜನರ ಸಾಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿದು, ಕಂಬಗಳ ಸಾಲನ್ನೂ ಛಾವಣಿಯ ಎತ್ತರವನ್ನೂ ಅಳೆಯುವವನ ಹಾಗೆ ನೋಡಿದ. ಆಮೇಲೆ ಗಂಟಲಿನಲ್ಲೇ ಷಡ್ಜ ಹಿಡಿದ. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು. "ಇಲ್ಲಿ ಕೂತು ಹಾಡುವವರಿಗೆ ಮೈಕಿನ ಹಂಗಿರಲಿಲ್ಲ," ಎಂದ. "ಆದರೆ ಕೇಳುವುದಕ್ಕೆ ನಮ್ಮನ್ನು ಯಾರೂ ಬಿಡುತ್ತಿರಲಿಲ್ಲ."

ಅದು ನಿಜ. ದರ್ಬಾರಿಗೆ ಹೋಗಬೇಕಾದರೆ ಆಹ್ವಾನ ಬೇಕಿತ್ತು, ದರ್ಬಾರಿನ ಉಡುಪು ಬೇಕಿತ್ತು. ಮಾವನ ಅಜ್ಜ ಅಡಿಕೆ ಮಾರಲು ಹೋದ ಊರುಗಳ ಕಥೆಯಲ್ಲಿ ಅರಮನೆಯ ಬಾಗಿಲಂತೂ ಎಲ್ಲೂ ಬರುವುದಿಲ್ಲ. ಆ ಸಂಜೆ ಮಾತ್ರ ಬಾಗಿಲು ಹಾರುಹೊಡೆದಿತ್ತು. ದಸರಾ ಕಚೇರಿಗೆ ಟಿಕೆಟ್ಟಿಲ್ಲ. ನಾವು ಐದು ಗಂಟೆಗೇ ಹೋಗಿ ಪ್ಲಾಸ್ಟಿಕ್ ಕುರ್ಚಿ ಹಿಡಿದೆವು. ನಮ್ಮ ಎಡಕ್ಕೆ ನಂಜನಗೂಡಿನ ಕಡೆಯ ಒಂದು ಕುಟುಂಬ. ಬಲಕ್ಕೆ ದಿನವಿಡೀ ಮಲ್ಲಿಗೆ ಮಾರಿ ಖಾಲಿ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಕೂತ ಹೆಂಗಸು. ಆಕೆಯ ಮಡಿಲಲ್ಲಿ ಮಗುವೊಂದು ನಿದ್ದೆ ಹೋಗಿತ್ತು. ಮಾವ ಚೀಲದಿಂದ ಶಾಲು ತೆಗೆದು, ಮಡಿಕೆ ಬಿಚ್ಚಿ, ಹೆಗಲಿಗೆ ಹಾಕಿಕೊಂಡ.

ಮೊದಲು ವೀಣೆ. ಅದು ಮುಗಿಯುವ ಹೊತ್ತಿಗೆ ಅರಮನೆಯ ದೀಪಗಳು ಹೊತ್ತಿಕೊಂಡವು. ಲಕ್ಷಕ್ಕೆ ಸಮೀಪದ ಬಲ್ಬುಗಳು ಒಂದೇ ಕ್ಷಣದಲ್ಲಿ ಬೆಳಗಿದಾಗ ಇಡೀ ಅಂಗಳ "ಓ" ಎಂದಿತು. ನನ್ನ ಬಾಯಿಯಿಂದಲೂ ಆ ಉದ್ಗಾರ ಬಂತು. ಕಣ್ಣಿಗೆ ಅದಕ್ಕಿಂತ ದೊಡ್ಡ ಹಬ್ಬ ಬೇರೆ ಇರಲಾರದು. ಮೊಬೈಲುಗಳು ಮೇಲೆದ್ದವು, ಮಕ್ಕಳು ಕುರ್ಚಿಯ ಮೇಲೆ ನಿಂತರು.

ಆಮೇಲೆ ಹಿಂದೂಸ್ತಾನಿ ಗಾಯನ. ಪೂರಿಯಾ ಕಲ್ಯಾಣ ಎತ್ತಿಕೊಂಡರು. ಒಳ್ಳೆಯ ಹಾಡುಗಾರಿಕೆ. ಆದರೆ ನಾನು ಕೇಳುತ್ತಿದ್ದೆನೋ ನೋಡುತ್ತಿದ್ದೆನೋ ಹೇಳಲಾರೆ. ಗಾಯಕರ ಹಿಂದೆ ಆ ಗೋಪುರಗಳು, ಆ ಕಮಾನುಗಳು ಹೊಳೆಯುತ್ತಿದ್ದಾಗ ನಿಷಾದ ಎಲ್ಲಿ ನಿಂತಿತು, ಷಡ್ಜಕ್ಕೆ ಹೇಗೆ ಬಂದು ಕೂತಿತು ಎಂಬುದು ಕೈಗೆ ಸಿಗುತ್ತಿರಲಿಲ್ಲ. ಕಣ್ಣು ಯಜಮಾನನಾದಾಗ ಕಿವಿ ಆಳಾಗುತ್ತದೆ. ಮಾವನನ್ನು ನೋಡಿದೆ. ಅವನು ಶಾಲಿನ ಸೆರಗನ್ನು ಹಣೆಯವರೆಗೆ ಎಳೆದು ಕಣ್ಣಿಗೆ ಮರೆ ಮಾಡಿಕೊಂಡಿದ್ದ. ಅರವತ್ತು ವರ್ಷ ಕಾದು ಬಂದ ಅರಮನೆಯನ್ನು ನೋಡದೆ ಕೂತಿದ್ದ.

ರಾತ್ರಿ ಏರಿತ್ತು. ಕೊನೆಗೆ ಗಾಯಕರು ದರ್ಬಾರಿ ಕಾನಡಾ ಹಿಡಿದರು. ಮಂದ್ರದಲ್ಲಿ ಧೈವತ, ನಿಷಾದದ ಬಳಿ ಸುಳಿದು, ಷಡ್ಜಕ್ಕೆ ಬಂದು, ರಿಷಭದ ಮೇಲೆ ನಿಂತು, ಗಾಂಧಾರಕ್ಕೆ ಕೈ ಚಾಚುವ ಹೊತ್ತಿಗೆ ಸರಿಯಾಗಿ ದೀಪಾಲಂಕಾರದ ಸಮಯ ಮುಗಿಯಿತು. ಅರಮನೆ ಇದ್ದಲ್ಲಿ ಕತ್ತಲೆ. ವೇದಿಕೆಯ ಮೇಲಿನ ಒಂದಿಷ್ಟು ಬೆಳಕು ಬಿಟ್ಟರೆ ಸುತ್ತ ಏನೂ ಇಲ್ಲ. ಬಹಳ ಜನ ಎದ್ದು ಹೊರಟರು, ಕುರ್ಚಿಗಳ ಸದ್ದು ಸ್ವಲ್ಪ ಹೊತ್ತು ಇತ್ತು, ಆಮೇಲೆ ಅದೂ ನಿಂತಿತು. ಕತ್ತಲಿನಲ್ಲಿ ಆ ಗಾಂಧಾರ ಮೆಲ್ಲಗೆ ತೂಗಿತು. ತಂಬೂರಿಯ ನಾಲ್ಕು ತಂತಿಗಳನ್ನೂ ಬೇರೆ ಬೇರೆಯಾಗಿ ಎಣಿಸಬಹುದಿತ್ತು.

ಮಾವ ಹಣೆಯ ಮೇಲಿನ ಶಾಲು ಸರಿಸಿದ. "ಈಗ ರೇಡಿಯೋದಲ್ಲಿ ಕೇಳಿದ ಹಾಗೆ ಆಯಿತು, ಕೂಸೇ," ಎಂದ.

ದರ್ಬಾರಿಯ ಬಗ್ಗೆ ನಾಲ್ಕು ಮಾತು ಹೇಳಬೇಕು. ಅಕ್ಬರನ ದರ್ಬಾರಿನಲ್ಲಿ ತಾನಸೇನ ಇದಕ್ಕೆ ರೂಪ ಕೊಟ್ಟ ಎಂಬುದು ಪ್ರತೀತಿ. ಹೆಸರಿನ ಎರಡನೆಯ ಭಾಗವಾದ ಕಾನಡಾ ಎಂಬ ಮಾತಿನ ಹಿಂದೆ ಕರ್ಣಾಟ ಎಂಬ ಮಾತಿದೆ ಎಂದು ಸಂಗೀತ ಬಲ್ಲವರು ಹೇಳುತ್ತಾರೆ. ಅಂದರೆ ದೆಹಲಿ, ಆಗ್ರಾದ ಕಡೆಯಿಂದ ನಮ್ಮಲ್ಲಿಗೆ ಬಂದ ಈ ರಾಗ ನಮ್ಮ ನಾಡಿನ ಹೆಸರನ್ನು ಮೊದಲೇ ಹೊತ್ತುಕೊಂಡಿತ್ತು. ಇದರ ಜೀವ ಇರುವುದು ಕೋಮಲ ಗಾಂಧಾರ ಮತ್ತು ಕೋಮಲ ಧೈವತದ ಆಂದೋಲನದಲ್ಲಿ. ಸ್ವರ ಒಂದೆಡೆ ನೆಟ್ಟಗೆ ನಿಲ್ಲುವುದಿಲ್ಲ. ನಿಧಾನವಾಗಿ, ಬಹಳ ನಿಧಾನವಾಗಿ ತೂಗುತ್ತದೆ. ಹಾರ್ಮೋನಿಯಂನ ಮನೆಗಳಲ್ಲಿ ಅದು ಸಿಗುವುದಿಲ್ಲ. ಮಾವ ಹರೆಯದಿಂದಲೂ ಹಾರ್ಮೋನಿಯಂ ನುಡಿಸುವವನು. ಅವನು ಹುಟ್ಟುವ ಮೊದಲೇ, 1940ರಲ್ಲಿ, ಆಕಾಶವಾಣಿ ಆ ವಾದ್ಯವನ್ನು ದೂರವಿಟ್ಟಿತ್ತು; 1971ರ ತನಕ ಆ ನಿಷೇಧ ಹಾಗೆಯೇ ಇತ್ತು. ಅದನ್ನು ನೆನೆದರೆ ಅವನಿಗೆ ಇವತ್ತಿಗೂ ನೋವು. ಆದರೂ ದರ್ಬಾರಿಯ ಮಾತು ಬಂದಾಗ ಬೆಲ್ಲೋಸಿನಿಂದ ಕೈ ತೆಗೆದು, "ಇದೊಂದು ಪೆಟ್ಟಿಗೆಗೆ ಬರುವುದಿಲ್ಲ," ಎನ್ನುತ್ತಾನೆ.

ಅಬ್ದುಲ್ ಕರೀಂ ಖಾನರ ಕೊನೆಯೂ ಈ ರಾಗಕ್ಕೆ ಅಂಟಿಕೊಂಡಿದೆ. 1937ರ ಅಕ್ಟೋಬರಿನಲ್ಲಿ ಮದ್ರಾಸಿನಿಂದ ಪಾಂಡಿಚೇರಿಯ ಕಡೆ ಹೋಗುವಾಗ ರೈಲಿನಲ್ಲಿ ಅವರಿಗೆ ಎದೆನೋವು ಬಂತು. ಸಿಂಗಪೆರುಮಾಳ್ ಕೋವಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರಮ್ಮಿನಲ್ಲಿಯೇ ಕೂತು, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿಯಲ್ಲಿ ಪ್ರಾರ್ಥನೆ ಹಾಡಿ ಪ್ರಾಣ ಬಿಟ್ಟರು ಎಂದು ಅವರ ಪರಂಪರೆಯವರು ಹೇಳಿಕೊಂಡು ಬಂದಿದ್ದಾರೆ. ಅರಮನೆಗಳಲ್ಲಿ ಹಾಡಿದವರಿಗೆ ಕೊನೆಯ ದರ್ಬಾರಾಗಿ ಸಿಕ್ಕಿದ್ದು ರಾತ್ರಿಯ ಒಂದು ರೈಲು ನಿಲ್ದಾಣ. ತಾಳಗುಪ್ಪಕ್ಕೆ ಮರಳುವ ರೈಲಿನಲ್ಲಿ ಮಾವ ಇದನ್ನು ಹೇಳಿ ಮುಗಿಸಿ ಬಹಳ ಹೊತ್ತು ಕಿಟಕಿಯ ಆಚೆ ನೋಡುತ್ತ ಕೂತಿದ್ದ. ಬೆಳಗಿನ ಜಾವ ಎಚ್ಚರಾದಾಗ ಅವನು ಆ ಶಾಲು ಹೊದ್ದು ಮಲಗಿದ್ದ.

ಅರಮನೆಯ ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಜನವರಿಯಲ್ಲಿ ಮಾವನಿಂದ ಮತ್ತೆ ಫೋನು. ಮನೆಯ ಅಂಗಳದಲ್ಲಿ ಒಂದು ಅಹೋರಾತ್ರಿ ಬೈಠಕ್ ಇಟ್ಟುಕೊಂಡಿದ್ದಾನೆ, ನಾನು ಹಿಂದಿನ ದಿನವೇ ಬರಬೇಕು. ಹೋದೆ. ಮರುದಿನ ಚಪ್ಪರದ ಕೆಲಸವನ್ನು ಹುಡುಗರಿಗೆ ವಹಿಸಿ, "ಬಾ, ನಿನಗೊಂದು ಅರಮನೆ ತೋರಿಸುತ್ತೇನೆ," ಎಂದು ನನ್ನನ್ನು ಶಿರಸಿಗೆ ಸಮೀಪದ ಸೋಂದೆಗೆ ಕರೆದುಕೊಂಡು ಹೋದ.

ಸೋಂದೆಗೆ ಶಾಲೆಯ ಪ್ರವಾಸದಲ್ಲಿ ಹತ್ತು ಸಲವಾದರೂ ಹೋಗಿದ್ದೇನೆ. ವಾದಿರಾಜರ ವೃಂದಾವನ, ಶಾಲ್ಮಲೆಯ ಸಹಸ್ರಲಿಂಗ, ಮಕ್ಕಳ ಬುತ್ತಿ, ಮರಳುವುದು. ಕೋಟೆಯ ಒಳಗೆ ನಿಧಾನವಾಗಿ ನಡೆದಿರಲಿಲ್ಲ. ಶಾಲ್ಮಲೆಯ ದಂಡೆಯ ಎತ್ತರದ ನೆಲ. ಗೋಡೆಗಳನ್ನು ಮರದ ಬೇರುಗಳು ತಬ್ಬಿ ಹಿಡಿದಿವೆ. ಸೋಂದೆಯ ಅರಸರು ಇಲ್ಲಿಂದ ಘಟ್ಟದ ಮೇಲಿನ ಮೆಣಸಿನ ನಾಡನ್ನು ಆಳಿದರು. 1763ರಲ್ಲಿ ಬಿದನೂರು ಹೈದರಾಲಿಯ ವಶವಾದ ಬೆನ್ನಿಗೇ ಸೋಂದೆಯೂ ಹೋಯಿತು. ಕೊನೆಯ ಅರಸ ಘಟ್ಟ ಇಳಿದು ಗೋವೆಗೆ ಹೋಗಿ, ಪೋರ್ಚುಗೀಸರ ಆಶ್ರಯದಲ್ಲಿ ಪೋಂಡಾ ಸಮೀಪದ ಬಾಂದೋಡೆಯಲ್ಲಿ ನೆಲೆಸಿದ. ಅಲ್ಲಿ ಇವತ್ತಿಗೂ ಆ ಮನೆತನವನ್ನು ಸೌಂದೇಕರ ಎಂದು ಕರೆಯುತ್ತಾರೆ. ಊರು ಬಿಟ್ಟವರ ಹೆಸರಿನಲ್ಲಿ ಊರು ಉಳಿಯಿತು.

ಇಲ್ಲಿ ಉಳಿದದ್ದು ಒಂದು ಕಲ್ಲು. 1883ರಲ್ಲಿ ಅಚ್ಚಾದ ಕೆನರಾ ಜಿಲ್ಲೆಯ ಗ್ಯಾಝೆಟಿಯರಿನಲ್ಲಿ ಅದರ ಅಳತೆ ಇದೆ: ಹನ್ನೆರಡು ಅಡಿ ಚೌಕ, ಆರು ಇಂಚು ದಪ್ಪ, ಕೆತ್ತನೆಯ ಐದು ಕುಳ್ಳು ಕಂಬಗಳ ಮೇಲೆ ಹಾಸಿದ ಒಂದೇ ಚಪ್ಪಡಿ. ಜನ ಅದನ್ನು ಸಿಂಹಾಸನ ಎನ್ನುತ್ತಾರೆ. ಅದನ್ನು ಬಿಟ್ಟರೆ ಅರಮನೆಯ ಕುರುಹು ಒಂದೂ ಇಲ್ಲ ಎಂದು ಆಗಲೇ ಬರೆದಿಟ್ಟಿದ್ದಾರೆ. ಮಾವ ಅಂಗೈಯಿಂದ ಅದರ ಮೇಲಿನ ಒಣಗಿದ ಎಲೆಗಳನ್ನು ಸರಿಸಿದ. ಕಲ್ಲು ಎಷ್ಟು ನಯವಾಗಿತ್ತೆಂದರೆ ಮಳೆಯ ನೀರು ಯಾವ ಕಡೆಗೆ ಹರಿಯಬೇಕೆಂದು ಗೊಂದಲಪಡಬೇಕು, ಅಷ್ಟು ಸಮ.

"ಇಲ್ಲಿಯೂ ಹಾಡಿದ್ದಾರೆ," ಎಂದ ಮಾವ. ಊಹೆಯ ಮಾತಲ್ಲ ಅದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಆಳಿದ ಸದಾಶಿವರಾಯ ತಾನೇ ಕವಿ. ರಾಗ ತಾಳಕ್ಕೆ ಹೊಂದಿಸಿ ಹಾಡುವ ಸ್ವರವಚನಗಳನ್ನು ಕಟ್ಟಿದವನು. ಅವನಿಗೂ ಮೊದಲು ಇದೇ ಊರಿನಲ್ಲಿ ವಾದಿರಾಜರು ಹಯವದನ ಎಂಬ ಅಂಕಿತದಲ್ಲಿ ಕೀರ್ತನೆ ಹಾಡಿದರು. ಅವರ ಲಕ್ಷ್ಮೀ ಶೋಭಾನೆಯನ್ನು ಹೆಂಗಸರು ಮದುವೆ ಮನೆಗಳಲ್ಲಿ ಈಗಲೂ ಹಾಡುತ್ತಾರೆ. ಅರಸನ ಕಟ್ಟಡಕ್ಕೆ ಮೂರು ಶತಮಾನ ತಾಳುವ ಶಕ್ತಿ ಇರಲಿಲ್ಲ. ಬಾಯಿಂದ ಬಾಯಿಗೆ ದಾಟಿದ್ದು ತಾಳಿತು. ನಾನು ಆ ಕಲ್ಲಿನ ಅಂಚಿನಲ್ಲಿ ಕೈಯಿಟ್ಟು ನಿಂತಾಗ ಮೈಸೂರಿನ ದೀಪಗಳು ಆರಿದ ಆ ಗಳಿಗೆ ನೆನಪಾಯಿತು. ಅಲ್ಲಿ ಅರಮನೆ ಕತ್ತಲಲ್ಲಿ ಮರೆಯಾದದ್ದು ಒಂದು ರಾತ್ರಿ ಮಾತ್ರ. ಇಲ್ಲಿ ಎರಡೂವರೆ ಶತಮಾನದಿಂದ ಮರೆಯಾಗಿದೆ.

ಸಂಜೆ ಮನೆಗೆ ಬಂದಾಗ ಅಂಗಳ ಸಿದ್ಧವಾಗಿತ್ತು. ಅಡಿಕೆ ಒಣಗಿಸುವ ಚಪ್ಪರದ ಮೇಲೆ ಸೋಗೆ ಹೊದಿಸಿದ್ದರು, ಸಗಣಿ ಸಾರಿಸಿದ ನೆಲಕ್ಕೆ ಜಮಖಾನೆ. ಮಿರಜದಲ್ಲಿ ಮಾಡಿಸಿದ ಮಾವನ ತಂಬೂರಿಗೆ ಹೊಸ ತಂತಿ. ಅಡುಗೆ ಮನೆಯಿಂದ ಅಪ್ಪೆಹುಳಿಯ ಒಗ್ಗರಣೆಯ ಪರಿಮಳ. ದೊಡ್ಡ ಹಂಡೆಯಲ್ಲಿ ಕಷಾಯ. ನಮ್ಮ ಕಡೆಯ ಬೈಠಕ್ಕಿಗೆ ಬರುವವರ ಕಿವಿ ಯಕ್ಷಗಾನದಲ್ಲಿ ಪಳಗಿದ್ದು. ಭಾಗವತರ ಏರುದನಿ, ಮದ್ದಲೆಯ ನುಡಿ ಕೇಳಿ ಬೆಳೆದವರಿಗೆ ವಿಲಂಬಿತ ಖಯಾಲಿನ ಸಮ, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿ ಬೀಳುತ್ತದೆ ಎಂದು ಯಾರೂ ಕಲಿಸಬೇಕಾಗಿಲ್ಲ. ಅವರ ಕೈ ತಾನಾಗಿ ತೊಡೆಯ ಮೇಲೆ ಬೀಳುತ್ತದೆ.

ಆದರೆ ಒಂದು ಬದಲಾವಣೆಯನ್ನು ನಾನು ಗಮನಿಸಿದೆ. ನನ್ನ ಬಾಲ್ಯದಲ್ಲಿ ಇದೇ ಮನೆಯಲ್ಲಿ ಗಾಯನ ಏರ್ಪಾಡಾದಾಗ ಜಗುಲಿಯ ಮೇಲೆ ನೆಂಟರು, ಇಷ್ಟರು ಕೂರುತ್ತಿದ್ದರು. ತೋಟದ ಕೆಲಸದವರು ದಣಪೆಯ, ಅಂದರೆ ಗಳುಗಳನ್ನು ಅಡ್ಡ ಹಾಕಿದ ಅಂಗಳದ ಬೇಲಿಬಾಗಿಲಿನ, ಆಚೆ ನಿಂತು ಕೇಳುತ್ತಿದ್ದರು. ಯಾರೂ ನಿಲ್ಲಿ ಎಂದು ಹೇಳಿದ್ದನ್ನು ನಾನು ಕೇಳಿಲ್ಲ, ಬನ್ನಿ ಎಂದು ಹೇಳಿದ್ದನ್ನೂ ಕೇಳಿಲ್ಲ. ಆ ದಣಪೆ ನನ್ನ ಮನಸ್ಸಿನಲ್ಲಿ ಬಹಳ ವರ್ಷ ಚುಚ್ಚಿದೆ. ದರ್ಬಾರಿನ ಬಾಗಿಲು ನಮಗೆ ಮುಚ್ಚಿತ್ತು ಎಂದು ನೊಂದುಕೊಳ್ಳುವ ನಾವು ನಮ್ಮ ಅಂಗಳಕ್ಕೂ ಒಂದು ಬಾಗಿಲು ಇಟ್ಟುಕೊಂಡಿದ್ದೆವು. ಈ ಸಲ ಮಾವ ದಣಪೆಯ ಗಳುಗಳನ್ನು ಸರಿಸಿ ಗೋಡೆಗೆ ಒರಗಿಸಿಟ್ಟಿದ್ದ. ಜಗುಲಿಯ ಮೇಲೆ ಯಾರನ್ನೂ ಕೂರಿಸಲಿಲ್ಲ. ಎಲ್ಲರೂ ಅಂಗಳದಲ್ಲಿ, ಒಂದೇ ಜಮಖಾನೆಯ ಮೇಲೆ. ತಾನು ಕೊನೆಯ ಸಾಲಿನಲ್ಲಿ, ಕೊನೆಗೌಡರ ಪಕ್ಕದಲ್ಲಿ ಕೂತ. ಅದರ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ, ನಾನೂ ಕೇಳಲಿಲ್ಲ.

ದೂರದ ಓದುಗರಿಗಾಗಿ ಹೇಳುತ್ತೇನೆ, ಕೊನೆಗೌಡ ಎಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವನು. ಪ್ರತಿ ಮರಕ್ಕೂ ಹತ್ತಿ ಇಳಿಯುತ್ತ ಕೂತರೆ ದಿನ ಸಾಲುವುದಿಲ್ಲ. ಒಂದು ಮರದ ತುದಿಯಲ್ಲಿ ಮೈಭಾರದಿಂದ ತೂಗಿ, ಪಕ್ಕದ ಮರವನ್ನು ಹಿಡಿದು ದಾಟಿಕೊಳ್ಳುತ್ತಾರೆ. ಕೆಳಗೆ ನಿಂತು ನೋಡುವವರಿಗೆ ಎದೆ ಝಲ್ಲೆನ್ನುತ್ತದೆ. ಮಾವನ ತೋಟದ ಗೌಡರಿಗೆ ಈಗ ಐವತ್ತರ ಆಚೆ. ಹದಿನಾರನೆಯ ವಯಸ್ಸಿನಿಂದ ಮರ ಹತ್ತುತ್ತಿದ್ದಾರೆ.

ನಡುರಾತ್ರಿ ದಾಟಿದ ಮೇಲೆ ಗಾಯಕರು ದರ್ಬಾರಿ ಎತ್ತಿಕೊಂಡರು. ಮಾವ ಹೇಳಿ ಹಾಡಿಸಿದ್ದೋ, ತಾನಾಗಿ ಬಂದದ್ದೋ. ಮೈಕಿರಲಿಲ್ಲ. ಜಗುಲಿಯ ಕಂಬಕ್ಕೆ ತೂಗುಹಾಕಿದ ಒಂದು ದೀಪ, ತೋಟದಿಂದ ಜೀರುಂಡೆಗಳ ಶ್ರುತಿ. ಮಂದ್ರ ಸಪ್ತಕದಲ್ಲಿ ಅವರು ಎಷ್ಟು ಹೊತ್ತು ಇದ್ದರೆಂದರೆ, ಮೇಲೆ ಬರುವ ಅವಸರವೇ ಇಲ್ಲವೇನೋ ಎನಿಸಿತು. ಮೈಸೂರಿನಲ್ಲಿ ಧ್ವನಿವರ್ಧಕದಿಂದ ಹೊಳೆಯಾಗಿ ಬಂದ ಸ್ವರ ಇಲ್ಲಿ ಉಸಿರಿನ ಸಮೇತ ಬಂತು. ಗಾಂಧಾರಕ್ಕೆ ಹೋಗುವ ಮುನ್ನ ಗಾಯಕರು ಎಳೆದುಕೊಂಡ ಉಸಿರು ಕೇಳಿಸಿತು. ಗಾಂಧಾರ ರಿಷಭದ ಕಡೆಗೆ ವಾಲಿತು, ಮರಳಿತು, ಮತ್ತೆ ವಾಲಿತು. ಯಾರೂ ಅಲುಗಾಡಲಿಲ್ಲ.

ನನ್ನ ಪಕ್ಕದಿಂದ ಗೌಡರ ಪಿಸುದನಿ ಕೇಳಿತು. "ಮರ ತೂಗಿದ ಹಾಗಿದೆ ಹೆಗಡೇರೇ."

ಮಾವ ಅವರ ಕಡೆ ತಿರುಗಿದ.

"ಅದು ತೂಗಿ ಬರುವವರೆಗೆ ಕಾಯಬೇಕು. ನಾವು ಅವಸರ ಮಾಡಿದರೆ ಕೈ ತಪ್ಪುತ್ತದೆ. ಇವರೂ ಹಾಗೆಯೇ ಕಾಯುತ್ತಿದ್ದಾರೆ, ನೋಡಿ."

ಮಾವ ಏನೂ ಹೇಳಲಿಲ್ಲ. ಅವನ ಬಲಗೈ ಮಾತ್ರ ಮೊಣಕಾಲಿನ ಮೇಲೆ ಆ ಗಾಂಧಾರದ ಜೊತೆ ಅತ್ತಿತ್ತ ಹೋಗುತ್ತಿತ್ತು. ಐವತ್ತು ವರ್ಷಗಳಿಂದ ದರ್ಬಾರಿಯ ಗಾಂಧಾರವನ್ನು ಯಾರಿಗೆ ಹೇಗೆ ವಿವರಿಸಬೇಕೆಂದು ಒದ್ದಾಡಿದವನು ಅವನು. ಶ್ರುತಿಗಳ ಲೆಕ್ಕ ಹೇಳುತ್ತಿದ್ದ, ಹಾರ್ಮೋನಿಯಂನ ಎರಡು ಮನೆಗಳ ನಡುವಿನ ಜಾಗ ತೋರಿಸುತ್ತಿದ್ದ. ನಾನು ಪುಸ್ತಕಗಳಲ್ಲಿ ಓದಿದ ಯಾವ ವಿವರಣೆಯೂ ಗೌಡರ ಮಾತಿನಷ್ಟು ಹತ್ತಿರಕ್ಕೆ ಹೋಗಿಲ್ಲ. ಮೂವತ್ತೈದು ವರ್ಷ ಮರದ ತುದಿಯಲ್ಲಿ ಆ ತೂಗಾಟವನ್ನು ಮೈಯಲ್ಲಿ ಹೊತ್ತವರು ಅವರು. ದಣಪೆಯ ಆಚೆ ನಿಂತಿದ್ದ ವರ್ಷಗಳಲ್ಲಿ ಅವರು ಇನ್ನೂ ಏನೇನು ಕೇಳಿಸಿಕೊಂಡಿದ್ದರೋ. ಅವರನ್ನು ಯಾರೂ ಕೇಳಿರಲಿಲ್ಲ.

ಬೆಳಗಿನ ಜಾವ ಭೈರವದಲ್ಲಿ ಮುಗಿಯಿತು. ತೆಳ್ಳನೆಯ ತೊಡದೇವಿನ ಮೇಲೆ ತುಪ್ಪ ಹಾಕಿಕೊಂಡು ತಿಂದವರು, ಕಷಾಯ ಕುಡಿದವರು ಒಬ್ಬೊಬ್ಬರಾಗಿ ಹೊರಟರು. ಗಾಯಕರು ಒಳಗೆ ಮಲಗಿದರು. ನನಗೆ ನಿದ್ದೆ ಬರಲಿಲ್ಲ. ತೋಟದ ಕೆಳಗಿನ ಪಾಲಿನಲ್ಲಿ ಇನ್ನೂ ಕೊಯ್ಲು ಉಳಿದಿತ್ತು. ರಾತ್ರಿಯಿಡೀ ಎಚ್ಚರವಿದ್ದ ಗೌಡರು, ಇವತ್ತು ಬೇಡ ಎಂದರೂ ಕೇಳದೆ, ಮುಖ ತೊಳೆದು ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಮರ ಹತ್ತಿದ್ದರು. ನಾನೂ ಮಾವನೂ ಕಾಲುವೆಯ ದಂಡೆಯಲ್ಲಿ ನಿಂತು ನೋಡಿದೆವು. ಮಂಜು ಇನ್ನೂ ಹೆಡೆಗಳ ನಡುವೆ ಇತ್ತು. ಮೊದಲ ಮರ ಮುಗಿಸಿ ಅವರು ತೂಗತೊಡಗಿದರು. ಮರ ಬಾಗಿತು, ಪಕ್ಕದ ಮರ ಕೈಗೆ ಸಿಗುವಷ್ಟು ಹತ್ತಿರ ಬಂತು, ಅವರು ಹಿಡಿಯಲಿಲ್ಲ. ಮರ ಹಿಂದಕ್ಕೆ ಹೋಯಿತು.

"ರಿಷಭ," ಎಂದ ಮಾವ ಮೆಲ್ಲಗೆ.

ಮರ ಮತ್ತೆ ಬಂತು. ಈ ಸಲ ಅವರ ಕೈ ಆಚೆಯ ಮರದ ಮೇಲಿತ್ತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗು ಕೇಳಿತು: "ಹೆಗಡೇರೇ, ಕೊನೆ ಬಂತು, ದೂರ ನಿಲ್ಲಿ!"